ಅವಿಭಾಜ್ಯ ಸಂಖ್ಯೆಗಳ ಅಲೆಗಳು ಮತ್ತು ಮಂಡ್ಯದ ಕೆ. ರಾಮಚಂದ್ರ

ಹತ್ತು ಲಕ್ಷದೊಳಗೆ 78,498 ಅವಿಭಾಜ್ಯ ಸಂಖ್ಯೆಗಳಿವೆ. ಅವುಗಳ ಎಣಿಕೆಯ ನಕ್ಷೆ ಮೆಟ್ಟಿಲುಗಳಂತೆ ಏರುತ್ತದೆ. ಮೆಟ್ಟಿಲುಗಳ ಅಂತರದಲ್ಲಿ ಕ್ರಮವೇ ಕಾಣದು. ಗೌಸ್ ಕಂಡುಕೊಂಡ ಅಂದಾಜು ಇಲ್ಲಿ ಸುಮಾರು 130ರಷ್ಟು ಹೆಚ್ಚು ತೋರಿಸುತ್ತದೆ. ಒಂದು ರೂಪಾಯಿಯ ವ್ಯತ್ಯಾಸಕ್ಕೂ ರಾತ್ರಿ ಕೂರುವ ನಾವು ಬ್ಯಾಂಕಿನವರು ಇದನ್ನು ಸಹಿಸೆವು! ರೀಮನ್ 1859ರಲ್ಲಿ ನೀಡಿದ ತಿದ್ದುಪಡಿಯಿಂದ ಅದು 29ಕ್ಕೆ ಇಳಿಯುತ್ತದೆ. ಉಳಿದುದನ್ನು ಅಲೆಗಳು ಸರಿದೂಗಿಸುತ್ತವೆ.

ತಂಬೂರಿಯ ನಾದವನ್ನು ಮೂಲ ಕಂಪನ ಮತ್ತು ಅದರ 2, 3, 4 ಪಟ್ಟು ವೇಗದ ಕಂಪನಗಳಾಗಿ ಬಿಡಿಸಬಹುದಷ್ಟೆ. ಅದೇ ಫೂರಿಯೆ ಶ್ರೇಣಿ. ರೀಮನ್ನರ ಸೂತ್ರ ಅದರ ಬಂಧು. ಆದರೆ ಇಲ್ಲಿ ಸಂಖ್ಯೆಯನ್ನು ಲಾಗರಿತಮ್ಮಿನಲ್ಲಿ ಅಳೆಯಬೇಕು. ಅಲೆಗಳ ಆವೃತ್ತಿಗಳೂ ಅಂಥ ಸರಳ ಪಟ್ಟುಗಳಲ್ಲ, 14.13, 21.02, 25.01 ಹೀಗೆ ಸಾಗುತ್ತವೆ. ಇವು ಜೀಟಾ ಫಲನದ ಶೂನ್ಯಗಳ ಎತ್ತರಗಳು. ಅಲೆಗಳನ್ನು ಕೂಡಿಸಿದಷ್ಟೂ ರೇಖೆ ಮೆಟ್ಟಿಲಿನ ರೂಪ ತಾಳುತ್ತದೆ. ಈ ಶೂನ್ಯಗಳೆಲ್ಲ ಒಂದೇ ಸರಳರೇಖೆಯ ಮೇಲಿವೆ ಎಂಬ ರೀಮನ್ನರ ಊಹೆ ಇನ್ನೂ ಸಾಧಿತವಾಗಿಲ್ಲ.

ಈ ಫಲನದ ಅಧ್ಯಯನಕ್ಕೆ ದಶಕಗಳನ್ನೇ ಮುಡಿಪಿಟ್ಟವರು 1933ರಲ್ಲಿ ಮಂಡ್ಯದಲ್ಲಿ ಜನಿಸಿದ ಕೆ. ರಾಮಚಂದ್ರ. ದೆಹಲಿಯ ನಮ್ಮ ಮಕ್ಕಳು ರಾಮಾನುಜನ್ನರನ್ನು ಬಲ್ಲರು. ಇವರ ಹೆಸರನ್ನು ಕೇಳಿದವರು ವಿರಳ. ಮಿನರ್ವ ಮಿಲ್ಲಿನಲ್ಲಿ ಗುಮಾಸ್ತರಾಗಿಯೂ ದುಡಿದಿದ್ದ ಅವರು 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ಸ್ಥಾಪಿಸಿದ ಹಾರ್ಡಿ-ರಾಮಾನುಜನ್ ಜರ್ನಲ್, 2011ರಲ್ಲಿ ರಾಮಚಂದ್ರರು ತೀರಿಕೊಂಡ ಮೇಲೂ ಪ್ರಕಟವಾಗುತ್ತ ಬಂದಿದೆ.