ಪ್ರಭುಭೋಜನದ ಮೇಜಿನ ಸುತ್ತ ಸಸಿಗಳು: ಮಸ್ವಿಂಗೋ ಸಭೆಗಳ ವೃಕ್ಷಸಮರ

ಇಂದಿನ ಪರಿಸರ ಬಿಕ್ಕಟ್ಟಿನ ಬೇರು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿದೆ ಎಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದ ಮೇಲೆ ಚರ್ಚುಗಳ ಉತ್ತರ ಬಹುಪಾಲು ಗ್ರಂಥವ್ಯಾಖ್ಯಾನದ ದಾರಿಯನ್ನೇ ಹಿಡಿಯಿತು. ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ಕೊಟ್ಟದ್ದು ಒಡೆತನವೋ, ಕಾಪಾಡುವ ಹೊಣೆಯೋ ಎಂಬ ವಿಚಾರದಲ್ಲಿ ಪುಟಗಟ್ಟಲೆ ಬರೆಯಲಾಯಿತು. ಕ್ರೈಸ್ತ ಪರಿಸರಕಾಳಜಿಯ ಚರಿತ್ರೆಯನ್ನು ಈಗಲೂ ದೊಡ್ಡ ಪೀಠಗಳ ಪ್ರಕಟಣೆಗಳ ಸರಣಿಯಾಗಿಯೇ ಹೇಳುವುದು ರೂಢಿ: 1979ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಅಸ್ಸಿಸಿಯ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಸಾರಿದ್ದು, 1989ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಪೇಟ್ರಿಯಾರ್ಕ್ ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದ್ದು, 2015ರಲ್ಲಿ ಪೋಪ್ ಫ್ರಾನ್ಸಿಸರ ‘ಲೌದಾತೋ ಸೀ’ ಎಂಬ ವಿಶ್ವಪತ್ರ ಹೊರಬಂದದ್ದು. ಈ ಕ್ರಮದಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಬಡ ಹಳ್ಳಿಗಳ ಸಭೆಗಳು ಮರ ನೆಡಲು ಹೊರಟಾಗ ಅವುಗಳನ್ನು ನಡೆಸಿದ್ದು ಹೊಸ ವ್ಯಾಖ್ಯಾನವಲ್ಲ. ಪಾಪನಿವೇದನೆ, ಪ್ರಭುಭೋಜನ, ರೋಗಶಮನದ ಪ್ರಾರ್ಥನೆಯಂಥ ತಮ್ಮಲ್ಲಿ ಆಗಲೇ ಬೇರೂರಿದ್ದ ಆಚರಣೆಗಳೊಳಕ್ಕೆ ಅವು ಮಣ್ಣು ಮತ್ತು ಮರವನ್ನು ಕರೆದುಕೊಂಡವು. ಜಿಂಬಾಬ್ವೆಯ ಮಸ್ವಿಂಗೋ ಪ್ರಾಂತ್ಯ ಇದಕ್ಕೆ ಬಲವಾದ ಸಾಕ್ಷ್ಯ ಒದಗಿಸುತ್ತದೆ.

ಅಲ್ಲಿನ ನೆಲ ಬರಡಾದದ್ದಕ್ಕೆ ರಾಜಕೀಯ ಕಾರಣವಿತ್ತು. 1930ರ ಭೂಹಂಚಿಕೆ ಕಾಯ್ದೆ ಆಗ ದಕ್ಷಿಣ ರೊಡೀಷಿಯಾ ಎನಿಸಿದ್ದ ಈ ನಾಡಿನ ಸುಮಾರು ಅರ್ಧ ಭೂಮಿಯನ್ನು ಅಲ್ಪಸಂಖ್ಯಾತ ಬಿಳಿಯರಿಗೆ ಮೀಸಲಿಟ್ಟು, ಆಫ್ರಿಕನ್ನರ ಬಹುಭಾಗವನ್ನು ಸಾಮಾನ್ಯವಾಗಿ ಸಾರ ಕಡಿಮೆಯ ಮೀಸಲು ಪ್ರದೇಶಗಳಿಗೆ ತಳ್ಳಿತು. ಜನ ಮತ್ತು ದನ ಒತ್ತೊತ್ತಾಗಿ ಸೇರಿದ ಆ ನೆಲದಲ್ಲಿ ಸೌದೆಗೆ, ಮನೆಗೆ, ಹೊಲಕ್ಕೆ ಕಾಡು ಕರಗಿತು. ವಿಮೋಚನಾ ಯುದ್ಧ ಮುಗಿದು 1980ರಲ್ಲಿ ಸ್ವಾತಂತ್ರ್ಯ ಬಂದರೂ ಕಳೆದುಹೋದ ಭೂಮಿಯ ಬಹುಪಾಲು ಹಿಂದಿರುಗಲಿಲ್ಲ, ಉಳಿದ ಭೂಮಿಯ ಮೇಲಿನ ಹೊರೆ ಇಳಿಯಲಿಲ್ಲ. ಮಿಷನರಿ ಕುಟುಂಬದಲ್ಲಿ ಹುಟ್ಟಿ ಅದೇ ಸೀಮೆಯ ಸಭೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದ ಇನುಸ್ ಡನೀಲ್ ಅವರು ಸ್ಥಳೀಯ ಮುಖಂಡರ ಜೊತೆಗೂಡಿ ಕೆಲಸ ಆರಂಭಿಸಿದ್ದು ಈ ಸನ್ನಿವೇಶದಲ್ಲಿ. 1988ರಲ್ಲಿ ಊರ ಮುಖ್ಯಸ್ಥರು ಮತ್ತು ಪೂರ್ವಿಕರ ಮಾತು ನುಡಿಯುವ ಮಾಧ್ಯಮರು ಸೇರಿದ ಸಾಂಪ್ರದಾಯಿಕರ ಸಂಘ ಹುಟ್ಟಿತು. 1991ರಲ್ಲಿ ಜಿಯೋನಿಸ್ಟ್ ಮತ್ತು ಅಪೊಸ್ತಲಿಕ್ ಎಂಬ ಆಫ್ರಿಕನ್ ಸ್ವತಂತ್ರ ಕ್ರೈಸ್ತ ಸಭೆಗಳೇ ಹೆಚ್ಚಾಗಿದ್ದ ‘ಭೂಪಾಲಕ ಆಫ್ರಿಕನ್ ಸಭೆಗಳ ಒಕ್ಕೂಟ’ ರೂಪುಗೊಂಡಿತು. ಭೂಮಿಗಾಗಿ ನಡೆದ ಸಶಸ್ತ್ರ ಹೋರಾಟ ಅರ್ಧದಲ್ಲೇ ನಿಂತಿದೆ, ಅದರ ಮುಂದಿನ ಹಂತ ಮರಗಳ ಸಮರ ಎಂಬ ಮಾತು ಎರಡೂ ಬಳಗಗಳಲ್ಲಿ ಬಳಕೆಗೆ ಬಂತು.

ಸಭೆಗಳು ರೂಪಿಸಿಕೊಂಡ ವಿಧಿ ಸೂಕ್ಷ್ಮವಾಗಿ ಗಮನಿಸಬೇಕಾದದ್ದು. ನೆಡಬೇಕಾದ ಸಸಿಗಳನ್ನು ಪ್ರಭುಭೋಜನದ ಮೇಜಿನ ಬಳಿ ಜೋಡಿಸುತ್ತಿದ್ದರು. ಭೋಜನಕ್ಕೆ ಮುನ್ನ ಪಾಪನಿವೇದನೆ ನಡೆಯುತ್ತಿತ್ತು. ಈ ಸಭೆಗಳಲ್ಲಿ ಅದು ಸಭೆಯ ಪ್ರವಾದಿಗಳ ಮುಂದೆ ಬಾಯಿಬಿಟ್ಟು ಹೇಳಬೇಕಾದ ಸಂಗತಿ. ಜಗಳ, ವ್ಯಭಿಚಾರ, ಮಾಟಗಳ ಪಟ್ಟಿಗೆ ಈಗ ಹೊಸ ಅಪರಾಧಗಳು ಸೇರಿದವು: ಕಡಿದ ಮರಕ್ಕೆ ಬದಲಿ ನೆಡದಿರುವುದು, ಹೊಳೆದಂಡೆಯನ್ನು ಉತ್ತು ಮಣ್ಣು ಕೊಚ್ಚಿಹೋಗಲು ಬಿಡುವುದು, ಅತಿಯಾಗಿ ದನ ಮೇಯಿಸುವುದು, ಕವಲುಮರದಿಂದ ಮಾಡಿದ ಗಾಲಿಯಿಲ್ಲದ ಎಳೆಬಂಡಿಯಿಂದ ನೆಲದಲ್ಲಿ ಕೊರಕಲು ಬೀಳಿಸುವುದು. ನಿವೇದನೆ ಮುಗಿಸಿದವರು ಕೈಯಲ್ಲಿ ಸಸಿ ಹಿಡಿದು ರೊಟ್ಟಿ ಮತ್ತು ಪಾನ ಸ್ವೀಕರಿಸುತ್ತಿದ್ದರು. ಆಮೇಲೆ ಬಿಷಪ್ಪರು ಪ್ರಾರ್ಥಿಸಿ ಪವಿತ್ರಜಲ ಚಿಮುಕಿಸಿದ ಭೂಮಿಯಲ್ಲಿ ಎಲ್ಲರೂ ಕೂಡಿ ನೆಡುತ್ತಿದ್ದರು. ತಪ್ಪಿಗೆ ಪಶ್ಚಾತ್ತಾಪಪಡದವರನ್ನು ಪ್ರಭುಭೋಜನದಿಂದ ದೂರವಿಡುವ ವಿಚಾರವೂ ಈ ಬಿಷಪ್ಪರಲ್ಲಿ ಗಂಭೀರವಾಗಿ ಚರ್ಚೆಯಾಗಿತ್ತು. ಮೂಲತಃ ರೋಗ ವಾಸಿಮಾಡುವ ಕೇಂದ್ರಗಳಾಗಿ ಬೆಳೆದಿದ್ದ ಈ ಸಭೆಗಳಿಗೆ ಸವೆದ ನೆಲವನ್ನೂ ರೋಗಿಯಂತೆ ಕಾಣುವುದು ಕಷ್ಟವಾಗಲಿಲ್ಲ. ನನ್ನ ಮಟ್ಟಿಗೆ ನಿರ್ಣಾಯಕ ಅಂಶ ಇದೇ. ಮರ ಕಡಿಯುವುದು ಇಲ್ಲಿ ಖಂಡನೆಯ ವಿಷಯವಾಗಿ ಉಳಿಯದೆ, ಹೆಸರಿಟ್ಟು ಒಪ್ಪಿಕೊಳ್ಳಬೇಕಾದ, ನೆರೆಹೊರೆಯವರು ವಿಚಾರಿಸಬಹುದಾದ ತಪ್ಪಾಯಿತು. ಅಂಥ ಬಲ ಪ್ರವಚನಕ್ಕಿಲ್ಲ.

ಇದು ಕ್ರೈಸ್ತಧರ್ಮದ ಸಾಧನೆಯಲ್ಲ, ಆ ಸೀಮೆಯ ಶೋನಾ ಜನರ ಹಳೆಯ ನಂಬಿಕೆ ಬೇರೆ ವೇಷದಲ್ಲಿ ಬಂದದ್ದು ಎಂಬ ಆಕ್ಷೇಪವಿದೆ. ಕೊಡಲಿ ತಾಗಿಸಬಾರದ ‘ಮರಂಬಾತೇಮ್ವಾ’ ಎಂಬ ದೇವರಕಾಡುಗಳು ಅಲ್ಲಿ ಮೊದಲಿನಿಂದ ಇದ್ದವು ಎಂಬುದು ನಿಜ. ಭೂಮಿಗೆ ಒಬ್ಬ ಕಾವಲಿನ ಒಡೆಯನಿರುತ್ತಾನೆ ಎಂಬ ಭಾವನೆಯೂ ಅಲ್ಲಿಯದೇ, ಸಭೆಗಳು ಆ ಸ್ಥಾನದಲ್ಲಿ ಕ್ರಿಸ್ತನನ್ನು ಕಂಡವು. ಆದರೆ ಪೂರ್ವಿಕರ ಆರಾಧನೆಯನ್ನು ಈ ಸಭೆಗಳು ಒಪ್ಪುತ್ತಿರಲಿಲ್ಲ, ಎರಡು ಸಂಘಗಳು ಪ್ರತ್ಯೇಕವಾಗಿ ಉಳಿದದ್ದೂ ಅದಕ್ಕೇ. ಪಾಪನಿವೇದನೆ ಮತ್ತು ಪ್ರಭುಭೋಜನವನ್ನು ಹಳೆಯ ನಂಬಿಕೆಯಿಂದ ಹುಟ್ಟಿಸಲು ಬರುವುದಿಲ್ಲ. ನಾಟಿಯಾದ ಆಚರಣೆಯೊಂದು ಸ್ಥಳೀಯ ಮಣ್ಣಿನ ಸಾರ ಹೀರಿಕೊಂಡರೆ ಅದು ನಕಲಿಯಾಗುವುದಿಲ್ಲ. ಯುರೋಪಿನ ಚರ್ಚುಗಳ ಸುಗ್ಗಿಪ್ರಾರ್ಥನೆಗಳನ್ನು ಯಾರೂ ಆ ಕಾರಣಕ್ಕೆ ತಳ್ಳಿಹಾಕುವುದಿಲ್ಲ.

ಇದಕ್ಕಿಂತ ನೋವಿನ ಆಕ್ಷೇಪ ಇನ್ನೊಂದು. ಭೂಮಿ ಕಸಿದವರು ಯಾರೋ, ಪಾಪ ಒಪ್ಪಿಕೊಳ್ಳುತ್ತಿದ್ದವರು ಕಸಿಸಿಕೊಂಡ ಬಡವರು. ಇದನ್ನು ಪೂರ್ತಿ ನಿವಾರಿಸಲು ನನಗೆ ಸಾಧ್ಯವೆನಿಸುವುದಿಲ್ಲ. 1930ರ ಕಾಯ್ದೆ ಮಾಡಿದವರನ್ನು ಯಾವ ಪ್ರವಾದಿಯೂ ಮೇಜಿನ ಮುಂದೆ ನಿಲ್ಲಿಸಲಾಗಲಿಲ್ಲ. ಆದರೂ ಸಮರದ ಭಾಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೆಲ ಹೇಗೆ ಹಾಳಾಯಿತೆಂಬುದು ಆ ಜನರಿಗೆ ಚೆನ್ನಾಗಿ ಗೊತ್ತಿತ್ತು, ನೆಡುವುದನ್ನು ಅವರು ಪ್ರಾಯಶ್ಚಿತ್ತವೆಂದಷ್ಟೇ ಅಲ್ಲದೆ ಮರುವಶವೆಂದೂ ಕರೆದರು. ತಮ್ಮ ಕೈಯಲ್ಲಿರುವ ಪಾಲಿನ ತಪ್ಪನ್ನು ಒಪ್ಪಿಕೊಳ್ಳುವುದು ಇತರರ ತಪ್ಪನ್ನು ಮನ್ನಿಸಿದಂತಲ್ಲ.

ಸಾಕ್ಷ್ಯದ ಮಿತಿಯನ್ನೂ ಹೇಳಬೇಕು. ಚಳವಳಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಡನೀಲ್ ಅವರೇ ಅದರ ಮುಖ್ಯ ದಾಖಲೆಕಾರರು. ಆದ್ದರಿಂದ ನೆಟ್ಟ ಮರಗಳ ಎಣಿಕೆಗಿಂತ ಅವರು ವಿವರವಾಗಿ ದಾಖಲಿಸಿದ ವಿಧಿಗಳನ್ನೇ ನಾನು ಆಧಾರವಾಗಿಟ್ಟುಕೊಂಡಿದ್ದೇನೆ. ನರ್ಸರಿ, ವಾಹನ, ಸಂಬಳ ಇವೆಲ್ಲ ಬಹುಮಟ್ಟಿಗೆ ಹೊರದೇಶದ ನೆರವನ್ನು ನೆಚ್ಚಿದ್ದವು. 2000ದ ನಂತರದ ಆರ್ಥಿಕ ಕುಸಿತದಲ್ಲಿ ಆ ವ್ಯವಸ್ಥೆ ತಡೆದುಕೊಳ್ಳಲಿಲ್ಲ. ಹಾಗಾದರೆ ವಿಧಿಯೂ ಸೋತಿತೇ? ಇಥಿಯೋಪಿಯಾದ ಉತ್ತರದ ಎತ್ತರಪ್ರದೇಶದೊಡನೆ ಹೋಲಿಸಿದರೆ ಉತ್ತರ ಸ್ವಲ್ಪ ಸ್ಪಷ್ಟವಾಗುತ್ತದೆ. ಅಲ್ಲಿ ಸುತ್ತಲ ಕಾಡೆಲ್ಲ ಹೊಲವಾಗಿ ಹೋದರೂ ಆರ್ಥೊಡಾಕ್ಸ್ ತೆವಾಹಿದೋ ಚರ್ಚುಗಳ ಆವರಣದ ತೋಪುಗಳು ಶತಮಾನಗಳಿಂದ ಉಳಿದು ಬಂದಿವೆ. ಅವನ್ನು ಕಾದದ್ದು ಯೋಜನೆಯಲ್ಲ, ಗರ್ಭಗುಡಿಯ ಸುತ್ತ ಮರದ ಹೊದಿಕೆ ಇರಬೇಕೆಂಬ ನಂಬಿಕೆ ಮತ್ತು ಪಾದ್ರಿಗಳ ಕಟ್ಟುಪಾಡು. ಸಂಶೋಧಕರಾದ ಅಲೆಮಾಯೆಹು ವಾಸ್ಸಿ ಮತ್ತು ಮಾರ್ಗರೆಟ್ ಲೋಮನ್ ಈ ತೋಪುಗಳಿಗೆ ನೆರವಾದಾಗ ಹೊರಗಿನ ಹಣ ಮುಖ್ಯವಾಗಿ ಹೋದದ್ದು ದನಗಳನ್ನು ತಡೆಯುವ ಕಲ್ಲಿನ ಗೋಡೆಗೆ; ಕಲ್ಲನ್ನು ಊರವರೇ ಹೊಲಗಳಿಂದ ಆಯ್ದು ತಂದರು. ಗೋಡೆಗೆ ತಿಂಗಳ ಸಂಬಳ ಬೇಕಿಲ್ಲ. ಮಸ್ವಿಂಗೋದಲ್ಲಿ ಕುಸಿದದ್ದು ಸಂಬಳ ಬೇಡುವ ಭಾಗ. ಪ್ರವಾದಿಯ ಮುಂದೆ ನಿಂತು ಹೊಳೆದಂಡೆ ಉತ್ತೆನೆಂದು ಹೇಳಿಕೊಳ್ಳಲು ಯಾವ ದಾನಿಯ ಹಣವೂ ಬೇಕಿರಲಿಲ್ಲ.