ಜಾಡಿಯಲ್ಲಿ ಬಂದ ಕಡಲು

ಕಡಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಹೇಗೆ ಹುಟ್ಟಿತು ಬಲ್ಲಿರಾ? 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕೀ ತೀರದಿಂದ ಹವಳದ ಜೀವಿಗಳನ್ನು ಸ್ಪಂಜಿಗೆ ಸೂಜಿದಾರದಿಂದ ಹೊಲಿದು, ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ನಿಂತ ನೀರಿನಲ್ಲಿ ಅವು ಬದುಕಬೇಕಲ್ಲ! ಮನೆಗೆಲಸದವಳು ದಿನವೂ ತೆರೆದ ಕಿಟಕಿಯ ಬಳಿ ಅರ್ಧ ಮುಕ್ಕಾಲು ಗಂಟೆ, ನೀವು ಕಾಫಿ ಆರಿಸುವಂತೆ, ಆ ನೀರನ್ನು ಎತ್ತಿ ಸುರಿಯುತ್ತಿದ್ದಳು. (ಕೀರ್ತಿ ಮಾತ್ರ ಯಜಮಾನಿಗೆ!) ಮರುವರ್ಷ ತೊಟ್ಟಿಗೆ ಕಡಲಪಾಚಿ ಬಂತು, ಬೆಳಕಿನಲ್ಲಿ ಅದು ಬಿಡುವ ಪ್ರಾಣವಾಯು ನೀರಿಗೆ ಜೀವ ಕೊಟ್ಟಿತು.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. 1854ರಲ್ಲಿ ಫಿಲಿಪ್ ಗಾಸ್ ಬರೆದ ‘ದಿ ಅಕ್ವೇರಿಯಂ’ ಗ್ರಂಥ ಜನರಿಗೆ ಹುಚ್ಚೇ ಹಿಡಿಸಿತು. ಬುಟ್ಟಿ ಹಿಡಿದು ಬಂದವರು ತೀರದ ಬಂಡೆಗುಳಿಗಳನ್ನು ಬರಿದುಮಾಡಿದರು. ಅದನ್ನು ಕಂಡು ಗಾಸ್ ಬಹಳ ನೊಂದನೆಂದು ಮಗ ಎಡ್ಮಂಡ್ 1907ರಲ್ಲಿ ಬರೆದಿದ್ದಾನೆ.