ಡಂಗುರಕ್ಕೆ ಹೊಳೆಯೊಂದೇ ಗೊತ್ತು

ದೇವದುರ್ಗ, ಮಾನ್ವಿ ತಹಸೀಲ್ ಕಚೇರಿಗಳಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಕೃಷ್ಣೆ, ತುಂಗಭದ್ರೆ ನಡುವಿನ ನಮ್ಮ ಸೀಮೆಯಲ್ಲಿ ಪ್ರವಾಹಕ್ಕೆ ಸರ್ಕಾರದ ಸಿದ್ಧತೆ ಎಂದರೆ ಬಹುಕಾಲ ಡಂಗುರವೇ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಅದಕ್ಕೊಂದು ಕ್ರಮವೂ ಬಂತು. ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ಫೋನು ಬರುವುದು, ನಾವು ಚೀಟಿ ಬರೆಯುವುದು, ದಂಡೆಯ ಊರಲ್ಲಿ ಹಲಗೆ ಬಡಿದು ಕೂಗುವುದು: "ಹೊಳಿಗೆ ನೀರು ಬಿಟ್ಟಾರ, ದನಾ ಕರಾ ಮ್ಯಾಲ ಹೊಡಕೊಂಡು ಬರ್ರಿ!" ಈ ಏರ್ಪಾಡು ಕೆಟ್ಟದ್ದೇನಲ್ಲ. 2019ರ ಆಗಸ್ಟ್‌ನಲ್ಲಿ ಹೂವಿನಹೆಡಗಿ ಸೇತುವೆ ಮುಳುಗಿದಾಗಲೂ ಜನರಿಗೆ ಮೊದಲೇ ಗೊತ್ತಿತ್ತು.

ಆದರೆ 2009 ಬೇರೆಯದೇ. ಆ ವರ್ಷ ಮುಂಗಾರು ಕೈಕೊಟ್ಟು, ಬರದ ಕಡತ ಇನ್ನೂ ಮೇಜಿನ ಮೇಲಿತ್ತು. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಬಿಡಲೇ ಇಲ್ಲ. ಅಕ್ಟೋಬರ್ 2ಕ್ಕೆ ತುಂಗಭದ್ರೆ ಮಂತ್ರಾಲಯವನ್ನೇ ಹೊಕ್ಕಳು. ಸುದ್ದಿಯಾದದ್ದು ಅದು. ನಾವು ಪಂಚನಾಮೆಗೆ ಹೋದ ಎಷ್ಟೋ ಊರುಗಳಿಗೆ ಹೊಳೆ ಬಂದೇ ಇರಲಿಲ್ಲ. ಮಣ್ಣಿನ ಮಾಳಿಗೆ ನೀರು ಕುಡಿದು ಕುಡಿದು ಭಾರವಾಗಿ, ತೊಲೆ ಸಮೇತ ಕುಸಿದಿತ್ತು. ನಮ್ಮ ನಮೂನೆಯಲ್ಲಿ ಎರಡೇ ಕಲಂ: ಭಾಗಶಃ, ಪೂರ್ಣ. ಮಾನ್ವಿ ಕಡೆಯ ಒಬ್ಬ ಮುದುಕಿ ಕೇಳಿದಳು: "ಗ್ವಾಡಿ ನಿಂತದ, ಮಾಳಿಗಿ ಇಲ್ಲ. ಇದಕ್ಕೇನಂತ ಬರೀತೀಯಪ್ಪಾ?" ಪೂರ್ಣ ಎಂದೇ ಬರೆದೆ. ಮೇಲಿನವರು ಒಪ್ಪಿದರೋ ಇಲ್ಲವೋ, ಅದು ಬೇರೆ ಕತೆ.

ಆಮೇಲೆ ಮನೆ ಕಳೆದುಕೊಂಡವರಿಗೆ ದಾನಿಗಳ ನೆರವಿನಿಂದ ಸರ್ಕಾರದ 'ಆಸರೆ' ಯೋಜನೆಯ ಮನೆಗಳೆದ್ದವು. ಊರು ಎತ್ತರಕ್ಕೆ ಹೋಯಿತು, ಹೊಲ ಕೆಳಗೇ ಉಳಿಯಿತು. ದನ ಕಟ್ಟಲು ಜಾಗವಿಲ್ಲದ ಮನೆಗೆ ಒಕ್ಕಲಿಗ ಹೇಗೆ ಹೋದಾನು? ಹಲವು ಮನೆ ಖಾಲಿ ಬಿದ್ದವು, ಎರೆಮಣ್ಣಿನಲ್ಲಿ ಬಿರುಕೂ ಬಿಟ್ಟವು.

ಈಗ ರಾಯಚೂರು ನಗರ ಬೆಳೆಯುತ್ತಿದೆ, ಮಹಾನಗರ ಪಾಲಿಕೆಯೂ ಆಗಿದೆ. ಒಂದು ದೊಡ್ಡ ಮಳೆ ಬಿದ್ದರೆ ಸಿಯಾತಲಾಬ್, ನೀರಭಾವಿಕುಂಟೆಯ ಮನೆಗಳಿಗೆ ಚರಂಡಿ ನೀರು ನುಗ್ಗುತ್ತದೆ. ಅಲ್ಲಿಗೆ ನಾರಾಯಣಪುರದಿಂದ ಫೋನು ಬರುವುದಿಲ್ಲ. ಬೇಸಿಗೆಯ ಬಿಸಿಲಿಗೆ ಮಾತ್ರ ಸರ್ಕಾರ ಒಂದು ಸಿದ್ಧತೆ ಮಾಡಿಕೊಂಡಿದೆ: ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ನಾನೂ ಆ ಸುಖ ಉಂಡವನೇ. ಗಂಜ್‌ನಲ್ಲಿ ಚೀಲ ಹೊರುವ ಹಮಾಲರಿಗೆ ಆ ಆದೇಶ ತಾಗುವುದಿಲ್ಲ.

ಪಾಲಿಕೆಯವರಿಗೆ ನನ್ನದೊಂದೇ ವಿನಂತಿ: ಮುಂಗಾರಿಗೆ ಮೊದಲು ರಾಜಕಾಲುವೆಯ ಹೂಳು ತೆಗೆಸಿ, ಮಾವಿನಕೆರೆಯ ಒತ್ತುವರಿ ಅಳೆಸಿ.